ಮೀನು ಹೊತ್ತ ಪಿಕಪ್ ತಗೊಳ್ಳೋದಾ? ಚಾಸಿ ತುಕ್ಕು ನೋಡೋದು ಹೇಗೆ, ಮಾಡೋದು ಏನು

ಘಟ್ಟದ_ಮೇಲೆ:
2016ರ ಪಿಕಪ್ ಒಂದು ಮಾರಾಟಕ್ಕಿದೆ. ಇಷ್ಟು ದಿನ ಮಲ್ಪೆಯಿಂದ ಮೀನು ಹೊತ್ತದ್ದು. ಎಂಜಿನ್, ಗೇರ್‌ಬಾಕ್ಸ್ ಚೆನ್ನಾಗಿವೆ. ಚಾಸಿಗೆ (ಕೆಳಗಿನ ಉಕ್ಕಿನ ಚೌಕಟ್ಟು) ಮಾತ್ರ ಈಚೆಗೆ ದಪ್ಪಗೆ ಕಪ್ಪು ಬಣ್ಣ ಬಳಿದಿದ್ದಾರೆ, ಅದೇ ಅನುಮಾನ. ಸಕಲೇಶಪುರದ ಕಡೆ ಕಾಫಿ, ಶುಂಠಿ ಮೂಟೆ ಹೊರೋಕೆ ಬೇಕು. ಎಷ್ಟು ತುಕ್ಕಿದ್ದರೆ ವಾಪಸ್ ಬರಬೇಕು, ಎಷ್ಟಿದ್ದರೆ ಕೆಲಸ ಮಾಡಿಸಬಹುದು? ಅಳತೆ, ಸಾಮಾನು ಸಮೇತ ಹೇಳೋರು ಹೇಳಿ.

ಕಡಲತಡಿ:
ಹೊಸ ಕಪ್ಪು ಬಣ್ಣಕ್ಕೆ ಮೂರು ಕಾಸಿನ ಬೆಲೆ ಇಲ್ಲ ಮಾರಾಯ್ರೆ. ಅದನ್ನು ಬಳಿಯಲಿಕ್ಕೆ ಅರ್ಧ ದಿನ ಸಾಕು, ಕೆಳಗೆ ಏನುಂಟು ಅಂತ ಅದು ಹೇಳುವುದಿಲ್ಲ.

ಬೇರೆ ಗಾಡಿಗೆ ತುಕ್ಕು ರಸ್ತೆಯಿಂದ ಮೇಲೆ ಹತ್ತುತ್ತದೆ. ಮೀನಿನ ಗಾಡಿಗೆ ಅದು ಮೇಲಿಂದ ಕೆಳಗೆ ಇಳಿಯುತ್ತದೆ. ಐಸ್ ಕರಗಿದ ನೀರು, ಉಪ್ಪು, ಮೀನಿನ ಲೋಳೆ ಎಲ್ಲ ಬಾಡಿಯ ಸಂದಿಯಿಂದ ಚಾಸಿಯ ಮೇಲೆಯೇ ಬೀಳುವುದು. ಹಾಗಾಗಿ ನೋಡಬೇಕಾದ ಜಾಗವೂ ಬೇರೆ. ಚಾಸಿಯ ಉದ್ದಕ್ಕೆ ಓಡುವ ಎರಡು ತೊಲೆಗಳಿಗೆ ಚಾನೆಲ್ ಅಂತ ಹೇಳುವುದು. ಮೊದಲನೆಯದು ಲೋಡ್ ಬಾಡಿ ಕೂತಿರುವ ಚಾನೆಲ್‌ನ ಮೇಲಿನ ಅಂಚು. ಅಲ್ಲಿ ಬಾಡಿಗೂ ಚಾಸಿಗೂ ನಡುವೆ ಮರದ ಅಥವಾ ರಬ್ಬರ್ ಪಟ್ಟಿ ಇರ್ತದೆ. ಆ ಪಟ್ಟಿ ವರ್ಷವಿಡೀ ಉಪ್ಪುನೀರು ಕುಡಿದು ಕೂತಿರ್ತದೆ, ಹೊರಗಿಂದ ಏನೂ ಕಾಣುವುದಿಲ್ಲ. ಎರಡನೆಯದು ಹಿಂದಿನ ಲೀಫ್ ಸ್ಪ್ರಿಂಗ್‌ನ ಶ್ಯಾಕಲ್ ಹ್ಯಾಂಗರ್ (ಸ್ಪ್ರಿಂಗ್ ತುದಿಯನ್ನು ಚಾಸಿಗೆ ಹಿಡಿಯುವ ಬ್ರಾಕೆಟ್), ಅಲ್ಲಿಂದ ಹಿಂದಿನ ತುದಿಯವರೆಗಿನ ಎರಡು ಅಡಿ. ಮೀನಿನ ಬಾಡಿಯ ಇಳಿಜಾರು ಹಿಂದಕ್ಕೆ ಇರುವ ಕಾರಣ ನೀರೆಲ್ಲ ಅಲ್ಲಿಗೇ ಹೋಗುವುದು. ನೀರು ರಸ್ತೆಗೆ ಸುರಿಯದ ಹಾಗೆ ಕೆಳಗೆ ಟ್ಯಾಂಕ್ ಕೂರಿಸಿದ್ದರೆ ಅದರ ಬ್ರಾಕೆಟ್ ಸುತ್ತ ಸಹ ನೋಡಿ. ಮೂರನೆಯದು ಅಡ್ಡ ತೊಲೆ, ಅಂದರೆ ಕ್ರಾಸ್ ಮೆಂಬರ್, ಚಾನೆಲ್‌ಗೆ ಸೇರುವ ಮೂಲೆ. ಅಲ್ಲಿ ಕೆಳಗಿನ ಅಂಚಿನ ಮೇಲೆ ಮಣ್ಣು ಕೂತು ಗಟ್ಟಿಯಾಗಿರ್ತದೆ.

ಘಟ್ಟ ಹತ್ತಿಸಿದರೆ ತುಕ್ಕು ನಿಲ್ಲುತ್ತದೆ ಅಂತ ಮಾಡಿದ್ದರೆ ಅದು ತಪ್ಪು. ಅಡುಗೆ ಉಪ್ಪು ನೀರು ಎಳೆದುಕೊಳ್ಳಲಿಕ್ಕೆ ಗಾಳಿಯಲ್ಲಿ ತೇವ ಸುಮಾರು ಶೇ. 75 ಬೇಕು. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಉಂಟು, ಅದಕ್ಕೆ ಶೇ. 33 ಸಾಕು. ಸಕಲೇಶಪುರದ ಮಳೆಗಾಲ ಬಿಡಿ, ಬೇಸಿಗೆಯ ಬೆಳಗ್ಗೆಯೂ ಅದು ಒದ್ದೆಯಾಗಿಯೇ ಇರ್ತದೆ.

ಹುಬ್ಬಳ್ಳಿ_ರಾಡು:
ಅರ್ಧ ಕೆಜಿ ಸುತ್ತಿಗಿ ತಗೊಂಡು ಹೋಗ್ರಿ. ಕ್ಯಾಬಿನ್ ಕೆಳಗ ಛಲೋ ಇರೋ ಜಾಗದಾಗ ಒಂದ್ಸಲ ಬಡದು ಸಪ್ಪಳ ಕಿವಿಯಾಗ ಇಟ್ಕೋರಿ, ಠಣ್ ಅಂತೈತಿ. ಆಮ್ಯಾಲ ಹಿಂದಕ್ಕ ಸರಕೋತ ಅಂಗೈ ಅಗಲಕ್ಕೊಂದು ಏಟು. ದಬ್ ಅಂದ್ರ ಒಳಗ ಹೆಕ್ಕಳಿಕಿ, ಅಂದ್ರ ಪದರಪದರ ತುಕ್ಕು, ಎದ್ದೈತಿ. ಬಣ್ಣ ಸಿಡದು ಕೆಳಗ ಕಂದು ಪುಡಿ ಉದುರಿದ್ರ ಅಲ್ಲಿ ಹಳೇ ಸ್ಕ್ರೂಡ್ರೈವರ್ ಒತ್ತಿ ನೋಡ್ರಿ. ತೂತಾದ್ರ ರೊಕ್ಕದ ಮಾತು ಅಲ್ಲೇ ನಿಲ್ಲಸ್ರಿ.

ಎರಡು ಪ್ಲೇಟ್ ಒಂದರ ಮ್ಯಾಲೊಂದು ಕೂತು ರಿವೆಟ್ ಹೊಡದ ಜಾಗ ಉಬ್ಬಿದ್ರ ಒಳಗ ತುಕ್ಕು ತುಂಬೈತಿ ಅಂತ ತಿಳ್ಕೋರಿ. ತುಕ್ಕಿಗೆ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಕು. ರಿವೆಟ್ ತಲಿ ಕಿತ್ತು ಒಗೀತದ ಅದು.

ಘಟ್ಟದ_ಮೇಲೆ:
ಮಾರೋರು ಸುತ್ತಿಗೆ ಮುಟ್ಟೋಕೆ ಬಿಡ್ತಿಲ್ಲ. ಬಣ್ಣ ಹೋಗುತ್ತಂತೆ.

ಹುಬ್ಬಳ್ಳಿ_ರಾಡು:
ಉತ್ತರ ಸಿಕ್ತಲ್ರಿ.

ಮೈಕ್ರಾನ್:
ಸುತ್ತಿಗೆ ಬೇಡ ಅಂದರೆ ಅಲ್ಟ್ರಾಸಾನಿಕ್ ದಪ್ಪಮಾಪಕ ಇಟ್ಟು ಅಳೆಯಬಹುದು. ಬಾಯ್ಲರ್, ಟ್ಯಾಂಕ್ ಪರೀಕ್ಷೆ ಮಾಡೋರ ಹತ್ತಿರ ದಿನದ ಬಾಡಿಗೆಗೆ ಸಿಗುತ್ತೆ. 5 ಮೆಗಾಹರ್ಟ್ಸ್ ಪ್ರೋಬ್, ಉಕ್ಕಿಗೆ ಶಬ್ದವೇಗ ಸೆಕೆಂಡಿಗೆ 5920 ಮೀಟರ್ ಅಂತ ಸೆಟ್ ಮಾಡಿ, ಜೆಲ್ ಹಚ್ಚಿ ಇಡಬೇಕು. ಇಲ್ಲಿ ಒಂದು ಮೋಸ ಇದೆ. ಬಣ್ಣದಲ್ಲಿ ಶಬ್ದ ಉಕ್ಕಿನ ಅರ್ಧಕ್ಕಿಂತ ಕಮ್ಮಿ ವೇಗದಲ್ಲಿ ಓಡುತ್ತೆ, ಹಾಗಾಗಿ 0.2 ಮಿ.ಮೀ. ಬಣ್ಣವನ್ನ ಯಂತ್ರ ಸುಮಾರು 0.5 ಮಿ.ಮೀ. ಉಕ್ಕು ಅಂತ ಓದುತ್ತೆ. ಗಾಡಿ ಗಟ್ಟಿಯಿದೆ ಅಂತ ಸುಳ್ಳು ಧೈರ್ಯ ಬರುತ್ತೆ. ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಣ್ಣ ಕೆರೆದು ಅಳೆಯಿರಿ, ಅಥವಾ ಬಣ್ಣ ಬಿಟ್ಟು ಉಕ್ಕನ್ನಷ್ಟೇ ಓದೋ ಎಕೋ-ಎಕೋ ಮೋಡ್ ಇರೋ ಯಂತ್ರ ತನ್ನಿ.

ಮೂಲ ದಪ್ಪ ಎಷ್ಟು ಅಂತ ಪುಸ್ತಕದಲ್ಲಿ ಹುಡುಕಬೇಡಿ. ಅದೇ ಚಾನೆಲ್‌ನಲ್ಲಿ ಕ್ಯಾಬಿನ್ ಕೆಳಗೆ, ಎಂಜಿನ್ ಎಣ್ಣೆ ಮೆತ್ತಿಕೊಂಡು ತುಕ್ಕು ಹಿಡಿಯದ ಜಾಗ ಇದ್ದೇ ಇರುತ್ತೆ. ಅಲ್ಲಿಯ ಅಳತೆಯೇ ನಿಮ್ಮ ಆಧಾರ. ಚಾನೆಲ್ ಹಿಂದಕ್ಕೆ ಹೋದಂತೆ ಮೂಲ ದಪ್ಪವೇ ಬದಲಾಗಿದೆಯಾ ಅನ್ನೋದನ್ನೂ ನೋಡಿಕೊಳ್ಳಿ. ನನ್ನ ಲೆಕ್ಕ ಇಷ್ಟು: ಶೇ. 10–15 ಸವೆದಿದ್ದರೆ ತೊಳೆದು ಬಣ್ಣ, ಶೇ. 25 ದಾಟಿದರೆ ಮೇಲೆ ಪ್ಲೇಟ್ ಬೆಸುಗೆ, ಹ್ಯಾಂಗರ್ ಬಳಿ ತೂತೇ ಇದ್ದರೆ ಆ ತುಂಡು ಬದಲು. ಸ್ಪ್ರಿಂಗ್ ಹ್ಯಾಂಗರ್‌ನ ಎರಡು ಕಡೆಯೂ ತೂತಿದ್ದರೆ ಗಾಡಿ ಬಿಟ್ಟುಬಿಡಿ.

ಬಾಕ್ಸ್ ಚಾನೆಲ್ (ನಾಲ್ಕೂ ಕಡೆ ಮುಚ್ಚಿದ್ದು) ಒಳಗೆ ನೋಡೋಕೆ ಮೊಬೈಲ್‌ಗೆ ಸಿಕ್ಕಿಸೋ 5.5 ಮಿ.ಮೀ. ಕ್ಯಾಮೆರಾ ವಯರ್ ಸಾಕು, ನೀರಿಳಿಯೋ ತೂತಿನಲ್ಲಿ ತೂರಿಸಿ. ಬಟ್ಟೆ ಸುತ್ತಿದ ಅಯಸ್ಕಾಂತವೂ ಜೇಬಿನಲ್ಲಿರಲಿ. ಎಲ್ಲಾದರೂ ಹಿಡಿಯದೆ ಜಾರಿದರೆ ಅಲ್ಲಿರೋದು ಕಬ್ಬಿಣ ಅಲ್ಲ, ಪುಟ್ಟಿ ಅಥವಾ ಫೈಬರ್.

ಎಫ್‌ಸಿ_ಕ್ಯೂ:
ಬಣ್ಣ, ಬೆಸುಗೆ ಎಲ್ಲದಕ್ಕಿಂತ ಮೊದಲು ಚಾಸಿ ನಂಬರ್ ನೋಡಿ ಸಾರ್. ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದರೆ ಹದಿನೇಳೂ ಅಕ್ಷರ ಓದೋ ಹಾಗೆ ಬರಬೇಕು, ಆರ್‌ಸಿ ಜೊತೆ ತಾಳೆಯಾಗಬೇಕು. ತುಕ್ಕು ನಂಬರನ್ನೇ ತಿಂದಿದ್ದರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಹೊತ್ತಿಗೆ ಒದ್ದಾಟ. ಸರಕು ಗಾಡಿಗೆ ಎಂಟು ವರ್ಷ ಆದ ಮೇಲೆ ಎಫ್‌ಸಿ ಪ್ರತಿ ವರ್ಷ, 2016ರ ಗಾಡಿ ಆ ಲೆಕ್ಕಕ್ಕೆ ಬಂದಾಯ್ತು. ಆ ಜಾಗಕ್ಕೆ ಗ್ರೈಂಡರ್ ತಾಗಿಸಬೇಡಿ, ಮೇಲೆ ಪ್ಲೇಟ್ ಬೆಸೆಯಬೇಡಿ. ಕೈಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಿ ಪಾರದರ್ಶಕ ವಾರ್ನಿಷ್ ಅಥವಾ ಗ್ರೀಸ್. ನಂಬರ್ ಮಸುಕಾಗಿದ್ದರೆ ಆರ್‌ಟಿಒ ಅನುಮತಿ ಇಲ್ಲದೆ ಯಾರ ಕೈಲೂ ಮತ್ತೆ ಪಂಚ್ ಹೊಡೆಸಬೇಡಿ.

ಘಟ್ಟದ_ಮೇಲೆ:
ಮಾಪಕಕ್ಕೆ ಒಪ್ಪಿದರು. ಬಣ್ಣ ಕೆರೆದು ಅಳೆದದ್ದು: ಕ್ಯಾಬಿನ್ ಕೆಳಗೆ 4.0 ಮಿ.ಮೀ. ಎಡ ಹ್ಯಾಂಗರ್ ಹತ್ತಿರ 3.5. ಬಲ ಹ್ಯಾಂಗರ್ ಹತ್ತಿರ 2.6. ಮೇಲಿನ ಅಂಚು, ಪಟ್ಟಿ ಕೆಳಗೆ ಕೈ ಹೋದಷ್ಟು ಜಾಗದಲ್ಲಿ 3.2ರಿಂದ 3.4. ತೂತಿಲ್ಲ. ಚಾಸಿ ನಂಬರ್ ಸ್ಪಷ್ಟ.

ಮೈಕ್ರಾನ್:
ಬಲಗಡೆ ಶೇ. 35 ಹೋಗಿದೆ. ಪ್ಲೇಟ್ ಬೇಕೇ ಬೇಕು, ಆ ಖರ್ಚು ಬೆಲೆಯಲ್ಲಿ ಕಳೆಯಿರಿ. ಉಳಿದದ್ದು ತೊಳೆದು ಬಣ್ಣ ಮಾಡೋ ಮಟ್ಟದಲ್ಲಿದೆ, ಮೇಲಿನ ಅಂಚು ಮಾತ್ರ ಗಡಿಯಲ್ಲಿದೆ. ಬಾಡಿ ಎತ್ತಿದ ಮೇಲೆ ಪೂರ್ತಿ ಅಳೆದು ತೀರ್ಮಾನಿಸಿ.

ಕಡಲತಡಿ:
ತಗೊಂಡರೆ ಮೊದಲ ಕೆಲಸ ಬಾಡಿ ಎತ್ತುವುದು. ಬಾಡಿ ಎತ್ತದೆ ಕೆಳಗೆ ಮಲಗಿ ಮಾಡುವ ಚಾಸಿ ಕೆಲಸ ಮುಖಕ್ಕೆ ಪೌಡರ್ ಹಾಕಿದ ಹಾಗೆ. ಬಾಡಿಯನ್ನು ಚಾಸಿಗೆ ಬಿಗಿದ ಯು ಬೋಲ್ಟ್ ತೆರೆಯಲಿಕ್ಕೆ ಬಾರದಿದ್ದರೆ ಗ್ರೈಂಡರ್‌ನಲ್ಲಿ ಕತ್ತರಿಸಿ, ಹೇಗೂ ಹಳತನ್ನು ಪುನಃ ಹಾಕಬಾರದು. ಚೈನ್ ಬ್ಲಾಕ್‌ನಲ್ಲಿ ಎತ್ತಿ, ಗಾಡಿಯನ್ನು ನಾಲ್ಕು ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಜಾಕಿ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ.

ಆಮೇಲೆ ತೊಳೆಯುವುದು. ಎಲ್ಲರೂ ಅವಸರ ಮಾಡುವುದು ಇಲ್ಲಿಯೇ. ಮೀನಿನ ಕೊಬ್ಬು, ಲೋಳೆ ಒಣಗಿ ಪೊರೆ ಆಗಿರ್ತದೆ, ಅದರ ಅಡಿಯಲ್ಲಿ ಉಪ್ಪು ಭದ್ರ. ಬರೀ ತಣ್ಣೀರು ಅದರ ಮೇಲಿಂದ ಜಾರಿ ಹೋಗ್ತದೆ. 20 ಲೀಟರ್ ಬಿಸಿನೀರಿಗೆ ಅರ್ಧ ಕೆಜಿ ವಾಷಿಂಗ್ ಸೋಡಾ ಹಾಕಿ ಬ್ರಷ್‌ನಲ್ಲಿ ಉಜ್ಜಿ, ಹದಿನೈದು ನಿಮಿಷ ಬಿಟ್ಟು ಪ್ರೆಶರ್ ವಾಷರ್ ಹಿಡಿಯಿರಿ. ಅಲ್ಯೂಮಿನಿಯಂ ಬಾಡಿಗೆ ಸೋಡಾ ತಾಗಬಾರದು, ಅದನ್ನು ತಿಂದುಬಿಡ್ತದೆ. ಬಾಕ್ಸ್ ಚಾನೆಲ್ ಒಳಗೆ ಪೈಪ್ ತೂರಿಸಿ, ಹೊರಬರುವ ನೀರು ತಿಳಿಯಾಗುವ ತನಕ ಬಿಡಿ. ನೀರಿಳಿಯುವ ತೂತುಗಳನ್ನು ಮೊದಲು ತಂತಿಯಿಂದ ಬಿಡಿಸಿಕೊಳ್ಳಿ, ಇಲ್ಲದಿದ್ದರೆ ತೊಳೆದ ಉಪ್ಪು ಒಳಗೇ ನಿಲ್ಲುತ್ತದೆ.

ಮೈಕ್ರಾನ್:
ಉಪ್ಪು ಹೋಯ್ತಾ ಇಲ್ವಾ ಅಂತ ಕಣ್ಣಿಗೆ ಕಾಣಲ್ಲ. ಹೆಕ್ಕಳಿಕೆ ತೆಗೆದು ತೊಳೆದ ಮೇಲೆ, ಆಳವಾದ ಕುಳಿಯ ಮೇಲೆ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ನೀರಲ್ಲಿ ಅದ್ದಿದ ಹತ್ತಿಯನ್ನ ಐದು ನಿಮಿಷ ಒತ್ತಿಡಿ. ಆ ನೀರನ್ನ ಗಾಜಿನ ನಳಿಗೆಗೆ ಹಿಂಡಿ, ಸಿಲ್ವರ್ ನೈಟ್ರೇಟ್ ದ್ರಾವಣ ಒಂದೆರಡು ಹನಿ ಬಿಡಿ. ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬ್ ನೆನಪಿದ್ದರೆ ಗೊತ್ತು, ಹಾಲಿನ ಹಾಗೆ ಬೆಳ್ಳಗಾದರೆ ಕ್ಲೋರೈಡ್ ಇನ್ನೂ ಇದೆ. ಮತ್ತೆ ತೊಳೆಯಿರಿ. ಹೋಲಿಕೆಗೆ ಬರೀ ಬ್ಯಾಟರಿ ನೀರಿಗೂ ಒಂದು ಹನಿ ಹಾಕಿ ನೋಡಿ. ಬೋರ್‌ವೆಲ್ ನೀರಲ್ಲೇ ಕ್ಲೋರೈಡ್ ಇರುತ್ತೆ, ಆದ್ದರಿಂದ ಕೊನೆಯ ತೊಳೆತ ಮಳೆನೀರು ಅಥವಾ ಆರ್‌ಒ ನೀರಲ್ಲಾದರೆ ಒಳ್ಳೆಯದು. ಕೈಗೆ ಗ್ಲೌಸ್ ಇರಲಿ, ಸಿಲ್ವರ್ ನೈಟ್ರೇಟ್ ಕಲೆ ವಾರಗಟ್ಟಲೆ ಹೋಗಲ್ಲ.

ಕುಳಿಯಲ್ಲಿ ಉಪ್ಪು ಉಳಿಸಿ ಇಪಾಕ್ಸಿಯಂಥ ಎಷ್ಟೇ ದುಬಾರಿ ಬಣ್ಣ ಹೊಡೆದರೂ ಆ ಉಪ್ಪು ಬಣ್ಣದ ಪೊರೆ ಮೂಲಕ ನೀರೆಳೆದು ಗುಳ್ಳೆ ಏಳಿಸುತ್ತೆ. "ಇಪಾಕ್ಸಿ ಹೊಡೆಸಿದೆ, ಆರು ತಿಂಗಳಿಗೆ ಎದ್ದು ಬಂತು" ಅನ್ನೋ ದೂರಿನಲ್ಲಿ ಇಪಾಕ್ಸಿಯ ತಪ್ಪು ಇರೋದು ಅಪರೂಪ.

ಹುಬ್ಬಳ್ಳಿ_ರಾಡು:
ಹೆಕ್ಕಳಿಕಿ ತಗಿಯೋದಕ್ಕ ಗ್ರೈಂಡರ್‌ಗೆ ವೈರ್ ಕಪ್ ಹಾಕಿ ಮೊದಲ ಉಜ್ಜಬ್ಯಾಡ್ರಿ. ವೈರ್ ಕಪ್ ತುಕ್ಕಿಗೆ ಪಾಲಿಶ್ ಕೊಡತೈತಿ. ಕರ್ರಗ ಮಿರಮಿರ ಮಿಂಚತೈತಿ, ಕಬ್ಬಿಣ ಅಂತ ಅನ್ಕೋತೀರಿ, ಅದು ತುಕ್ಕ ಇರತೈತಿ. ಮೊದಲ ಚಿಪ್ಪಿಂಗ್ ಸುತ್ತಿಗಿ ಇಲ್ಲಂದ್ರ ಕಂಪ್ರೆಸರ್ ಮ್ಯಾಲ ಓಡೋ ನೀಡಲ್ ಗನ್. ಆಮ್ಯಾಲ 60 ನಂಬರ್ ಫ್ಲಾಪ್ ಡಿಸ್ಕ್. ಸ್ಯಾಂಡ್ ಬ್ಲಾಸ್ಟಿಂಗ್ ಮಾಡ್ಸೋದಿದ್ರ ಹೊಳಿ ಉಸುಕು ಬ್ಯಾಡ, ಆ ಧೂಳು ಪುಪ್ಪುಸ ತಿಂತೈತಿ. ಕಾಪರ್ ಸ್ಲ್ಯಾಗ್ ಗ್ರಿಟ್ ಇರಲಿ. ಗ್ರೈಂಡರ್ ಗಾರ್ಡ್ ತಗಿಬ್ಯಾಡ್ರಿ, ಕನ್ನಡಕ ಹಾಕ್ರಿ. ವೈರ್ ಕಪ್‌ನ ಒಂದು ಎಳಿ ಹಾರಿದ್ರ ಸೂಜಿ ಹಂಗ ಚುಚ್ಚತೈತಿ.

ಶಿರಸಿ_ಸೀಮೆ:
ತುಕ್ಕಿಗೆ ಹಚ್ಚಿ ಅದನ್ನು ಕಪ್ಪು ಪದರ ಮಾಡುವ ತುಕ್ಕು ಕನ್ವರ್ಟರ್‌ನಲ್ಲಿ ಟ್ಯಾನಿಕ್ ಆಮ್ಲ ಇರ್ತು ಹೇಳಿ ಓದಿದ್ದೆ. ನಮ್ಮಲ್ಲಿ ಅಡಿಕೆ ಬೇಯಿಸಿದ ಚೊಗರು ಡ್ರಮ್‌ಗಟ್ಟಲೆ ಇರ್ತು. ಅದನ್ನೇ ಹಚ್ಚಲೆ ಆಗ್ತಾ?

ಮೈಕ್ರಾನ್:
ಒಳ್ಳೆ ಪ್ರಶ್ನೆ. ಚೊಗರಿನ ಟ್ಯಾನಿನ್ ತುಕ್ಕಿನ ಜೊತೆ ಸೇರಿ ಕಪ್ಪಾಗೋದು ನಿಜ, ಕಬ್ಬಿಣದ ಕತ್ತಿಯಲ್ಲಿ ಹಸಿ ಅಡಿಕೆ ಕತ್ತರಿಸಿದಾಗ ಕಾಣೋ ಕಪ್ಪು ಅದೇ. ಆದರೆ ಡಬ್ಬಿಯ ಕನ್ವರ್ಟರ್‌ನಲ್ಲಿ ಟ್ಯಾನಿನ್ ಜೊತೆ ಪೊರೆ ಕಟ್ಟೋ ಪಾಲಿಮರ್ ಇರುತ್ತೆ. ಚೊಗರಿನಲ್ಲಿ ಅದಿಲ್ಲ, ಅಂಟು, ಸಕ್ಕರೆ ಇತ್ಯಾದಿ ಇದೆ. ಮಳೆಗೆ ತೊಳೆದು ಹೋಗುತ್ತೆ, ಮೇಲೆ ಬಣ್ಣವೂ ಹಿಡಿಯಲ್ಲ. ಬಟ್ಟೆಗೆ ಬಣ್ಣ ಹಾಕೋಕೆ ಇಟ್ಕೊಳ್ಳಿ.

ಕನ್ವರ್ಟರ್ ಬಗ್ಗೆ ಒಂದೇ ಮಾತು: ಅದು ಬಿಗಿಯಾಗಿ ಕೂತ ತೆಳು ತುಕ್ಕಿಗೆ ಮಾತ್ರ. ಹೆಕ್ಕಳಿಕೆ ಮೇಲೆ ಹಚ್ಚಿದರೆ ಮೇಲ್ಪದರ ಕಪ್ಪಾಗುತ್ತೆ, ಅಡಿಯಲ್ಲಿ ತುಕ್ಕು ತನ್ನ ಪಾಡಿಗೆ ನಡೆಯುತ್ತೆ. ಬರೀ ಫಾಸ್ಫಾರಿಕ್ ಆಮ್ಲದ್ದಾದರೆ ಉಳಿದ ಆಮ್ಲವನ್ನ ನೀರಲ್ಲಿ ತೊಳೆಯಲೇಬೇಕು, ಇಲ್ಲದಿದ್ದರೆ ಇಪಾಕ್ಸಿ ಸರಿಯಾಗಿ ಕೂರಲ್ಲ.

ಬಣ್ಣದ_ಡಬ್ಬಿ:
ಬಣ್ಣದ ಲೆಕ್ಕ. ರೆಡ್ ಆಕ್ಸೈಡ್ ಬೇಡ, ಅದು ಕಿಟಕಿ ಸರಳಿಗೆ. ಜಿಂಕ್ ರಿಚ್ ಪ್ರೈಮರ್ ಹೆಸರು ದೊಡ್ಡದು, ಆದರೆ ಅದಕ್ಕೆ ಬ್ಲಾಸ್ಟ್ ಮಾಡಿದ ಎಸ್‌ಎ 2½ ಮಟ್ಟದ (ತುಕ್ಕು ಹೆಚ್ಚುಕಮ್ಮಿ ಪೂರ್ತಿ ಹೋದ) ಬರಿ ಲೋಹವೇ ಬೇಕು. ಸತು ಕಬ್ಬಿಣವನ್ನು ನೇರವಾಗಿ ಮುಟ್ಟಿದರಷ್ಟೇ ಕೆಲಸ ಮಾಡುತ್ತೆ. ಗ್ರೈಂಡರ್‌ನಲ್ಲಿ ಕ್ಲೀನ್ ಮಾಡಿದ ಚಾಸಿಗೆ ಎರಡು ಡಬ್ಬಿಯ ಜಿಂಕ್ ಫಾಸ್ಫೇಟ್ ಇಪಾಕ್ಸಿ ಪ್ರೈಮರ್ ಸರಿ.

ಎಷ್ಟು ಬೇಕು? ಡಬ್ಬಿಯ ಮೇಲೆ ಗಾತ್ರದ ಲೆಕ್ಕದಲ್ಲಿ ಘನಾಂಶ ಶೇಕಡಾ ಎಷ್ಟು ಅಂತಿರುತ್ತೆ. ಅದನ್ನು ಹತ್ತರಿಂದ ಗುಣಿಸಿ ಬೇಕಾದ ಮೈಕ್ರಾನ್‌ನಿಂದ ಭಾಗಿಸಿ. ಶೇ. 50 ಇದ್ದು 75 ಮೈಕ್ರಾನ್ ಬೇಕಾದರೆ ಲೀಟರಿಗೆ ಸುಮಾರು 6.7 ಚದರ ಮೀಟರ್. ಪಿಕಪ್ ಚಾಸಿ ಒಳಗೂ ಹೊರಗೂ ಸೇರಿ ಸುಮಾರು 8 ಚದರ ಮೀಟರ್. ಬ್ರಷ್‌ನಲ್ಲಿ ಕಾಲು ಭಾಗ ಹಾಳು ಅಂತ ಹಿಡಿದರೆ ಒಂದು ಕೋಟ್‌ಗೆ 1.6 ಲೀಟರ್, ಎರಡು ಕೋಟ್‌ಗೆ ಅಂಚಿನ ಕೋಟೂ ಸೇರಿಸಿ 4 ಲೀಟರ್ ತನ್ನಿ.

ಅಂಚಿನ ಕೋಟು ಅಂದರೆ ಪೂರ್ತಿ ಹೊಡೆಯೋ ಮೊದಲು ಬರೀ ಅಂಚು, ಬೆಸುಗೆ ಗೆರೆ, ಬೋಲ್ಟ್ ತೂತು, ರಿವೆಟ್ ತಲೆ ಇವಕ್ಕೆ ಸಣ್ಣ ಬ್ರಷ್‌ನಲ್ಲಿ ಒಂದು ಸಲ. ಒದ್ದೆ ಬಣ್ಣ ಚೂಪು ಅಂಚಿನಿಂದ ಹಿಂದೆ ಸರಿದು ಅಲ್ಲಿ ತೆಳುವಾಗುತ್ತೆ, ತುಕ್ಕು ಮೊದಲು ಕಾಣೋದೂ ಅಲ್ಲೇ. ಬೆರೆಸಿದ ಮೇಲೆ ಡಬ್ಬಿ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 15–30 ನಿಮಿಷ, ಸುಮ್ಮನೆ ಬಿಡಿ. ತಿನ್ನರ್ ಅದೇ ಕಂಪನಿಯದು. ಒಂದು ಕೋಟು ಕೆಂಪು, ಇನ್ನೊಂದು ಬೂದು ತಗೊಂಡರೆ ಬಿಟ್ಟುಹೋದ ಜಾಗ ಕಣ್ಣಿಗೆ ಬೀಳುತ್ತೆ.

ಹವಾಮಾನ: ತೇವ ಶೇ. 85ರ ಒಳಗೆ, ಲೋಹ ಇಬ್ಬನಿಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟೋ ಉಷ್ಣತೆ) 3 ಡಿಗ್ರಿ ಬೆಚ್ಚಗೆ. ಮಾಪಕ ಇಲ್ಲದಿದ್ದರೆ ಒದ್ದೆ ಬಟ್ಟೆಯಲ್ಲಿ ಚಾಸಿಯ ಮೇಲೆ ಒಂದು ಗೆರೆ ಎಳೆಯಿರಿ. ಹದಿನೈದು ನಿಮಿಷದಲ್ಲಿ ಆರದಿದ್ದರೆ ಅವತ್ತು ಬ್ರಷ್ ಮುಟ್ಟಬೇಡಿ. ನಿಮ್ಮ ಕಡೆ ಡಿಸೆಂಬರ್‌ನಿಂದ ಮಾರ್ಚ್, ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರು.

ಘಟ್ಟದ_ಮೇಲೆ:
ಬೆಸುಗೆ ಹೇಗೆ? ಇಲ್ಲಿಯ ವೆಲ್ಡಿಂಗ್ ಶಾಪ್‌ನವರು "ಆಯತದ ಪ್ಲೇಟ್ ಇಟ್ಟು ಸುತ್ತ ಬೆಸೆದರೆ ಆಯ್ತು" ಅಂತಾರೆ.

ಹುಬ್ಬಳ್ಳಿ_ರಾಡು:
ಆಗೂದಿಲ್ಲ. ಆಯತದ ಪ್ಲೇಟಿನ ನಿಂತ ಗೆರಿ ಎಲ್ಲೈತ್ಯೋ ಅಲ್ಲೇ ಚಾಸಿ ಸೀಳತೈತಿ. ಪ್ಲೇಟ್ ಇದ್ದಲ್ಲಿ ಬಿಗಿ, ಅದು ಮುಗಿದಲ್ಲಿ ಸಡಿಲು, ಎಲ್ಲಾ ಬಾಗು ಆ ಒಂದು ಗೆರಿಗೆ ಬೀಳತೈತಿ. ಪ್ಲೇಟಿನ ಎರಡೂ ತುದಿ ಶಂಕರಪೋಳಿ ಹಂಗ ಓರೆ ಕತ್ತರಸ್ರಿ.

ಕ್ರಮ ಹೇಳ್ತೀನಿ. ಬ್ಯಾಟರಿಯ ಎರಡೂ ಟರ್ಮಿನಲ್, ಇಸಿಯು (ಎಂಜಿನ್ ಕಂಪ್ಯೂಟರ್) ಕನೆಕ್ಟರ್ ಬಿಚ್ಚರಿ. ಡೀಸೆಲ್ ಟ್ಯಾಂಕ್ ಹತ್ರ ಇದ್ರ ಇಳಸ್ರಿ. ಅರ್ಥ್ ಕ್ಲಾಂಪ್ ಬೆಸಿಯೋ ಜಾಗದ ಪಕ್ಕದಾಗ ಇರಲಿ, ದೂರ ಇಟ್ರ ಕರೆಂಟ್ ಬೇರಿಂಗ್ ಒಳಗಿಂದ ಹಾದು ಹೋಗತೈತಿ. ಚಾಸಿ ನೆಟ್ಟಗ ಐತೋ ಇಲ್ಲೋ ಮೂಲಿಯಿಂದ ಮೂಲಿಗೆ ಅಡ್ಡ ಟೇಪ್ ಹಿಡೀರಿ, ಎರಡೂ ಅಳತಿ 5 ಮಿ.ಮೀ. ಒಳಗ ಕೂಡಬೇಕು. ಸೀಳು ಇದ್ರ ಅದರ ತುದಿಗೆ 6 ಮಿ.ಮೀ. ತೂತು ಕೊರದು ಮುಂದ ಹೋಗದಂಗ ನಿಲ್ಲಸ್ರಿ.

ಪ್ಲೇಟ್ ಅದೇ ದಪ್ಪ, ನಿಮಗ 4 ಮಿ.ಮೀ. ಚಾಸಿ ಪ್ಲೇಟ್ ಅಂತ ಕೇಳ್ರಿ, ಗೇಟ್ ಮಾಡೋ ಶೀಟ್ ಬ್ಯಾಡ. 6 ಮಿ.ಮೀ. ಹಾಕಿದ್ರ ಇನ್ನೂ ಗಟ್ಟಿ ಅಂತಾರ, ಅದೂ ಸುಳ್ಳು, ಬಾಜೂಕಿನ ಜಾಗ ಸೀಳತೈತಿ. ಗಟ್ಟಿ ಕಬ್ಬಿಣದ ಮ್ಯಾಲ ಎರಡೂ ಕಡೆ 75 ಮಿ.ಮೀ. ಹತ್ತಬೇಕು. ನಡುವ 12 ಮಿ.ಮೀ. ತೂತು ಕೊರದು, ಅದನ್ನ ತುಂಬೋ ಪ್ಲಗ್ ಬೆಸುಗಿ. ಚಾನೆಲ್‌ನ ಮ್ಯಾಲಿನ, ಕೆಳಗಿನ ಅಂಚಿಗೆ ಅಡ್ಡ ಬೆಸುಗಿ ಹಾಕಬ್ಯಾಡ್ರಿ. ಮಡಚಿದ ತಿರುವಿನಿಂದ 20 ಮಿ.ಮೀ. ದೂರ ಇರ್ರಿ. ಒಂದ್ಸಲಕ್ಕ 30–40 ಮಿ.ಮೀ. ಬೆಸದು ಬೇರೆ ಕಡೆ ಹೋಗ್ರಿ, ತಾನಾಗೇ ಆರಲಿ, ನೀರು ಹಾಕಬ್ಯಾಡ್ರಿ.

ಬೆಸುಗಿ ರಾಡ್ 7018, ಗೇಟಿನ 6013 ಅಲ್ಲ. ಡಬ್ಬಿ ಒಡದು ಇಟ್ಟ ರಾಡ್ ಹಸಿ ಹಿಡದಿರತೈತಿ, ಒಲಿಯಾಗ 300–350 ಡಿಗ್ರಿಗೆ ಒಂದು ತಾಸು ಒಣಗಸ್ರಿ. ಸಿಒ₂ ಮಷೀನ್ ಇದ್ರ ಇಆರ್70ಎಸ್-6 ವೈರ್. ಪ್ಲೇಟ್ ಸುತ್ತ ಎಲ್ಲೂ ಸಂದಿ ಬಿಡಬಾರದು. ಬಿಟ್ಟ ಸಂದಿಯಾಗ ನೀರು ಹೊಕ್ಕು ಮತ್ತ ಅದ ಕತಿ. ಕೂರಿಸೋ ಮೊದಲ ಎರಡೂ ಮೈಗೆ ವೆಲ್ಡ್-ಥ್ರೂ ಜಿಂಕ್ ಪ್ರೈಮರ್ ಹೊಡದಿರ್ರಿ.

ಹಳೇ ರಿವೆಟ್ ಕಿತ್ತಲ್ಲಿ ಸಾದಾ ಬೋಲ್ಟ್ ಬ್ಯಾಡ. ತೂತು ರೀಮರ್‌ನಿಂದ ಸಮ ಮಾಡಿ 10.9 ಗ್ರೇಡ್ ಬೋಲ್ಟ್, ಲಾಕ್ ನಟ್. ತೂತಿನಾಗ ಬೋಲ್ಟ್ ಅಲಗಾಡಬಾರದು.

ನಾಲ್ಕು_ಗೇರು:
ಇಷ್ಟೆಲ್ಲ ಯಾಕೆ? ಎಲ್ಲ ಲಾರಿಯವರೂ ಹಳೇ ಎಂಜಿನ್ ಆಯಿಲ್‌ಗೆ ಡೀಸೆಲ್ ಬೆರೆಸಿ ಹೊಡೀತಾರೆ. ಚೆನ್ನಾಗೇ ಇರುತ್ತೆ.

ಕಡಲತಡಿ:
ಮೊದಲ ಮಳೆಯ ತನಕ ಚೆನ್ನಾಗಿರ್ತದೆ. ಬಳಸಿದ ಎಣ್ಣೆಯಲ್ಲಿ ಆಮ್ಲ, ಮಸಿ ಎಲ್ಲ ಉಂಟು, ಮುಟ್ಟಿದವರ ಚರ್ಮಕ್ಕೂ ಒಳ್ಳೆಯದಲ್ಲ. ಶ್ಯಾಕಲ್‌ನ ರಬ್ಬರ್ ಬುಷ್ ಉಬ್ಬಿ ಮೆತ್ತಗಾಗ್ತದೆ. ತೊಳೆದು ಹೋದದ್ದು ಸೀದಾ ಬಾವಿಗೆ, ತೋಡಿಗೆ. ಇನ್ನೊಂದು, ಎಣ್ಣೆ ಹೀರಿದ ತುಕ್ಕಿನ ಮೇಲೆ ಆಮೇಲೆ ಯಾವ ಬಣ್ಣವೂ ಕೂರುವುದಿಲ್ಲ.

ಡೆಟ್ರಾಯ್ಟ್_ಕನ್ನಡಿಗ:
ಎಣ್ಣೆ ಅನ್ನೋ ಯೋಚನೆ ತಪ್ಪಲ್ಲ, ಯಾವ ಎಣ್ಣೆ ಅನ್ನೋದು ಮುಖ್ಯ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯೋ ಊರುಗಳಲ್ಲಿ ಕುರಿ ಉಣ್ಣೆಯ ಲ್ಯಾನೊಲಿನ್ ಬೆರೆತ ಕೋಟಿಂಗನ್ನ ಹಿಮ ಬೀಳೋ ಮೊದಲು ಪ್ರತಿ ವರ್ಷ ಹೊಡೆಸ್ತಾರೆ. ಬಾಕ್ಸ್ ಚಾನೆಲ್ ಒಳಗೆ ಕ್ಯಾವಿಟಿ ವ್ಯಾಕ್ಸ್ ಅನ್ನೋ ಮೇಣ: 360 ಡಿಗ್ರಿ ಚಿಮ್ಮೋ ನಾಝಲ್ ಇರೋ ಉದ್ದ ಪೈಪ್ ಪೂರ್ತಿ ಒಳಗೆ ತೂರಿಸಿ, ಸಿಂಪಡಿಸ್ತಾ ಹೊರಗೆ ಎಳೀಬೇಕು. ಬೆಸೆದ ಜಾಗದ ಹಿಂಬದಿಯಲ್ಲಿ ಬಣ್ಣ ಸುಟ್ಟಿರುತ್ತೆ, ಅಲ್ಲಿಗೆ ಇದೊಂದೇ ದಾರಿ. ತುಕ್ಕಿನ ಮೇಲೆ ದಪ್ಪ ರಬ್ಬರ್ ಅಂಡರ್‌ಕೋಟ್ ಮಾತ್ರ ಬೇಡ. ಅದು ಒಂದು ಕಡೆ ಬಿರುಕು ಬಿಟ್ಟರೆ ನೀರು ಒಳಗೆ ಹೋಗುತ್ತೆ, ಹೊರಗೆ ಬರಲ್ಲ.

ಕಂಪನಿ ಗಾಡಿಗೂ ಇದು ತಪ್ಪಿದ್ದಲ್ಲ. ಅಮೆರಿಕದಲ್ಲಿ 2005–10ರ ಟಕೋಮಾ, 2007–08ರ ಟುಂಡ್ರಾ, 2005–08ರ ಸೆಕ್ವೋಯಾ ಚಾಸಿ ತುಕ್ಕಿನ ಮೊಕದ್ದಮೆಯಲ್ಲಿ ಟೊಯೊಟಾ 2016ರಲ್ಲಿ ರಾಜಿಗೆ ಒಪ್ಪಿತು. ಅಂದಾಜು ಮೊತ್ತ 340 ಕೋಟಿ ಡಾಲರ್‌ವರೆಗೆ. ಚಾಸಿ ಬದಲಿಸಿ ಕೊಡೋಕೆ ಅಲ್ಲಿ ಇಟ್ಟ ಮಾನದಂಡ 10 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡ ತೂತು.

ಎಫ್‌ಸಿ_ಕ್ಯೂ:
ಚಾಸಿ ಮಾತಿನಲ್ಲಿ ಬ್ರೇಕ್ ಪೈಪ್ ಮರೀಬೇಡಿ. ಹಿಂದಿನ ಚಕ್ರಕ್ಕೆ ಹೋಗೋ ಉಕ್ಕಿನ ಪೈಪ್ ಚಾನೆಲ್‌ಗೆ ತಾಗಿಯೇ ಓಡುತ್ತೆ, ಕ್ಲಿಪ್ ಕೆಳಗೆ ಉಪ್ಪು ಕೂತು ಅಲ್ಲೇ ಸೂಜಿಮೊನೆ ತೂತು ಬೀಳುತ್ತೆ. ಘಾಟಿ ಇಳಿಯೋ ಗಾಡಿ ನಿಮ್ಮದು. ಪೈಪ್ ಉಗುರಲ್ಲಿ ಕೆರೆದಾಗ ಪದರ ಎದ್ದರೆ ಪೂರ್ತಿ ಬದಲಿಸಿ. 4.75 ಮಿ.ಮೀ. ಕ್ಯುಪ್ರೊ-ನಿಕಲ್ ಪೈಪ್ ಸಿಕ್ಕರೆ ಅದೇ ಹಾಕಿ, ತುಕ್ಕಿನ ಮಾತೇ ಇಲ್ಲ. ತುದಿಗೆ ಹಳೆಯದರಲ್ಲಿ ಇದ್ದ ಥರದ್ದೇ ಫ್ಲೇರ್ (ಅಗಲಿಸಿದ ಬಾಯಿ). ನಡುವೆ ಕತ್ತರಿಸಿ ಕಂಪ್ರೆಷನ್ ಜಾಯಿಂಟ್ ಹಾಕಿಕೊಡ್ತೀನಿ ಅಂದೋರ ಹತ್ತಿರ ಗಾಡಿ ಬಿಡಬೇಡಿ. ಹಿಂದಿನ ಆಕ್ಸಲ್ ಮೇಲೆ ಲೋಡ್ ಸೆನ್ಸಿಂಗ್ ವಾಲ್ವ್ (ಲೋಡ್‌ಗೆ ತಕ್ಕಂತೆ ಹಿಂದಿನ ಬ್ರೇಕ್ ಹೊಂದಿಸೋದು) ಇದ್ದರೆ ಅದರ ಸರಳು ಕೈಯಲ್ಲಿ ಆಡಿಸಿ ನೋಡಿ. ತುಕ್ಕಿಗೆ ಕಚ್ಚಿಕೊಂಡಿದ್ದರೆ ಲೋಡ್ ಹಾಕಿದಾಗ ಹಿಂದಿನ ಬ್ರೇಕ್ ಸಾಲಲ್ಲ, ಇಲ್ಲವೇ ಖಾಲಿ ಇದ್ದಾಗ ಹಿಂದಿನ ಚಕ್ರ ಜಾಮ್ ಆಗುತ್ತೆ.

ಘಟ್ಟದ_ಮೇಲೆ:
ಕೊನೆಯದಾಗಿ ಒಂದು. ಬಾಡಿ ವಾಪಸ್ ಕೂರಿಸುವಾಗ ಮಧ್ಯದ ಪಟ್ಟಿ ಯಾವುದು ಹಾಕಲಿ? ಬಾಡಿ ನೆಲ ಅಲ್ಯೂಮಿನಿಯಂ ಚೆಕ್ಕರ್ ಪ್ಲೇಟ್.

ಕಡಲತಡಿ:
ಮರ ಬೇಡ, ಸ್ಪಂಜಿನ ಹಾಗೆ ಕುಡಿಯುತ್ತದೆ. 10 ಮಿ.ಮೀ. ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪಟ್ಟಿ ಹಾಕಿ. ಉದ್ದಕ್ಕೂ ಒಂದೇ ಪಟ್ಟಿ ಅಲ್ಲ, ಅಡಿಗೊಂದು ಕಡೆ ಬೆರಳಗಲ ಬಿಟ್ಟು ತುಂಡು ತುಂಡಾಗಿ, ಬಿದ್ದ ನೀರು ಹರಿದು ಹೋಗಲಿ. ಅಲ್ಯೂಮಿನಿಯಂ ಉಕ್ಕಿಗೆ ತಾಗಿದರೆ ಮೊದಲು ಅಲ್ಯೂಮಿನಿಯಂ ಬಿಳಿ ಪುಡಿ ಆಗ್ತದೆ. ಸ್ಟೇನ್‌ಲೆಸ್ ಬೋಲ್ಟ್ ಹಾಕಿದರೆ ಅದರ ಸುತ್ತಿನ ಚಾಸಿ ಬೇಗ ಹೋಗ್ತದೆ. ಗ್ಯಾಲ್ವನೈಸ್ ಮಾಡಿದ ಯು ಬೋಲ್ಟ್ ಹಾಕಿ. ಲೋಡ್ ಹಾಕಿ ಒಂದು ವಾರ ಓಡಿಸಿದ ಮೇಲೆ ಪುನಃ ಬಿಗಿ ಮಾಡಿ, ಹೊಸ ಪಟ್ಟಿ ಸ್ವಲ್ಪ ಕೂತುಕೊಳ್ತದೆ.

ಹುಬ್ಬಳ್ಳಿ_ರಾಡು:
ಯು ಬೋಲ್ಟ್ ಬಿಗಿ ಮಾಡೋವಾಗ ಚಾನೆಲ್‌ನ ಬಾಯಿಗೆ ಒಳಗ ಒಂದು ಪೈಪ್ ತುಂಡು ಆನಸಿ ಇಡ್ರಿ. ಇಲ್ಲಂದ್ರ ಅಂಚು ಒಳಗ ಮಡಚತೈತಿ, ಬಣ್ಣ ಅಲ್ಲೇ ಒಡೀತದ.